ಶಕ್ತಿಯನ್ನರಿತು ಮಾಡುವ ತಪಸ್ಸು

ಭಾದ್ರಪದ ಶುಕ್ಲ ಪಂಚಮಿಗೆ ಇನ್ನೆರಡು ದಿನಗಳಿವೆ. ಯಾದಗಿರಿಯ ಒಂದು ಜೈನ ಮನೆಯಲ್ಲಿ ಎಪ್ಪತ್ತರ ಹತ್ತಿರದ ಹಿರಿಯ ಶ್ರಾವಕರೊಬ್ಬರು ದಶಲಕ್ಷಣ ಪರ್ವದ ಹತ್ತು ದಿನಗಳ ನೇಮವನ್ನು ಮನಸ್ಸಿನಲ್ಲಿಯೇ ನಿಶ್ಚಯಿಸುತ್ತಿದ್ದಾರೆ. ನಲವತ್ತು ವರ್ಷಗಳಿಂದ ಅನಂತ ಚತುರ್ದಶಿಯ ನಿರ್ಜಲ ಉಪವಾಸವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಆದರೆ ಹನ್ನೆರಡು ವರ್ಷಗಳಿಂದ ಮಧುಮೇಹ ಜೊತೆಗಿದೆ. ಕಳೆದ ವರ್ಷದಿಂದ ಬೆಳಿಗ್ಗೆಯೂ ಸಂಜೆಯೂ ಇನ್ಸುಲಿನ್ ಚುಚ್ಚುಮದ್ದು ನಡೆದಿದೆ.

“ಮಾವಾರ, ಈ ಸಲ ಡಾಕ್ಟರಿಗೆ ಒಂದ್ ಮಾತ್ ಕೇಳಿ ನೇಮ ಹಿಡೀರಿ” ಎಂದು ಸೊಸೆ ಅಂಜುತ್ತಲೇ ಹೇಳುತ್ತಾಳೆ.

“ಡಾಕ್ಟರಿಗೆ ನಮ್ಮ ಧರ್ಮ ಏನ್ ಗೊತ್ತವ್ವಾ? ಜೀವಾ ಹೋದ್ರೂ ನೇಮ ಬಿಡಬಾರದು” ಎಂಬುದು ಹಿರಿಯರ ಉತ್ತರ.

ಈ ಚಿತ್ರ ಕಲ್ಪಿತವಾದುದು. ಆದರೆ ಅದರೊಳಗಿನ ಪ್ರಶ್ನೆ ಕಲ್ಪಿತವಲ್ಲ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಜೈನ ಮನೆಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಪರ್ವದ ದಿನಗಳು ಬಂದಾಗ ಇಂತಹ ಮಾತುಕತೆ ನಡೆಯಬಹುದಾದ ಮನೆಗಳು ಅಲ್ಲಿವೆ. ಸೊಸೆಯ ಅಂಜಿಕೆ ಪ್ರೀತಿಯಿಂದ ಹುಟ್ಟಿದ್ದು. ಮಾವನ ದೃಢತೆ ಶ್ರದ್ಧೆಯಿಂದ ಹುಟ್ಟಿದ್ದು. ಹಾಗಾದರೆ ಜಿನಧರ್ಮ ಯಾರ ಪಕ್ಷದಲ್ಲಿದೆ?

ಶಕ್ತಿತಃ ತಪ

ತೀರ್ಥಂಕರ ಪದವಿಗೆ ಕಾರಣವಾಗುವ ಹದಿನಾರು ಭಾವನೆಗಳನ್ನು ಜೈನರು ಷೋಡಶಕಾರಣ ಭಾವನೆಗಳೆಂದು ಪೂಜಿಸುತ್ತಾರೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅವುಗಳ ಎಣಿಕೆಯಿದೆ. ಅವುಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡಕ್ಕೂ ಆಚಾರ್ಯರು ಒಂದೇ ವಿಶೇಷಣವನ್ನು ಜೋಡಿಸಿದ್ದಾರೆ: ಶಕ್ತಿತಃ, ಅಂದರೆ ಶಕ್ತಿಗೆ ಅನುಸಾರವಾಗಿ. ಶಕ್ತಿಯನ್ನು ಮುಚ್ಚಿಟ್ಟು ಆಲಸ್ಯದಿಂದ ಕಡಿಮೆ ತಪಸ್ಸು ಮಾಡುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸಿ ಮೀರಿ ಹೋಗುವುದೂ ಹಾಗೆಯೇ ದೋಷ.

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ತನ್ನ ಶಕ್ತಿ ಎಷ್ಟೆಂಬುದನ್ನೇ ಅರಿಯದವನು ಶಕ್ತಿಗೆ ಅನುಸಾರವಾಗಿ ತಪಸ್ಸು ಮಾಡುವುದು ಹೇಗೆ? ಇಪ್ಪತ್ತರ ಹರೆಯದ ಶರೀರದ ಶಕ್ತಿ ಎಪ್ಪತ್ತರಲ್ಲಿ ಇರುವುದಿಲ್ಲ. ಮಧುಮೇಹ ಬಂದ ಶರೀರವಂತೂ ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಸವೆದಿರುತ್ತದೆ. ಅದರ ಸ್ಥಿತಿಯನ್ನು ತಿಳಿಸಬಲ್ಲದ್ದು ಹಿಂದಿನ ವರ್ಷಗಳ ನೆನಪಲ್ಲ, ಇಂದಿನ ಪರೀಕ್ಷೆ. ಬೆರಳ ತುದಿಯ ಒಂದು ಹನಿ ರಕ್ತ ಹೇಳುವ ಅಂಕಿಯೂ ಶಕ್ತಿಯನ್ನು ಅರಿಯುವ ಸಾಧನಗಳಲ್ಲೊಂದು ಎಂದು ತಿಳಿದರೆ, ಅದು ಧರ್ಮಕ್ಕೆ ಹೊರತಾದ ಸಂಗತಿಯಾಗಿ ಉಳಿಯುವುದಿಲ್ಲ.

ಮಳಖೇಡದ ವೈದ್ಯ ಪರಂಪರೆ

ಜೈನ ಪರಂಪರೆಯಲ್ಲಿ ವೈದ್ಯಕ್ಕೆ ಮೊದಲಿನಿಂದಲೂ ಗೌರವದ ಸ್ಥಾನವಿದೆ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯ ಪೂರ್ವದ ವಿಷಯವೇ ಪ್ರಾಣರಕ್ಷಣೆ ಮತ್ತು ಚಿಕಿತ್ಸೆ. ನಾಲ್ಕು ದಾನಗಳಲ್ಲಿ ಆಹಾರದಾನ, ಅಭಯದಾನ, ಶಾಸ್ತ್ರದಾನಗಳ ಸಾಲಿನಲ್ಲಿಯೇ ಔಷಧದಾನ ನಿಂತಿದೆ.

ಈ ಪರಂಪರೆಯ ಒಂದು ದೊಡ್ಡ ನೆನಪು ಯಾದಗಿರಿಯ ನೆರೆಯಲ್ಲೇ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಡದಲ್ಲಿದೆ. ಆ ಕಾಗಿಣೆ ಭೀಮೆಯನ್ನು ಸೇರುತ್ತದೆ. ಭೀಮೆ ಯಾದಗಿರಿಯ ಮಗ್ಗುಲಲ್ಲಿ ಹರಿದು ಮುಂದೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ವಿದ್ವಾಂಸರೂ ವೈದ್ಯರೂ ನೆರೆದಿದ್ದ ನೃಪತುಂಗನ ಸಭೆಯಲ್ಲಿ ಔಷಧಕ್ಕಾಗಿಯೂ ಮಾಂಸಸೇವನೆ ಸಲ್ಲದೆಂದು ಅವರು ಪ್ರತಿಪಾದಿಸಿದ ಪ್ರಸಂಗ ಆ ಗ್ರಂಥದ ಹಿತಾಹಿತ ಅಧ್ಯಾಯದಲ್ಲಿದೆ. ಅವರು ಚಿಕಿತ್ಸೆಯನ್ನು ನಿರಾಕರಿಸಲಿಲ್ಲ. ಅಹಿಂಸೆಗೆ ಭಂಗವಾಗದ ಚಿಕಿತ್ಸೆಯನ್ನು ಹುಡುಕಿದರು. ಮುಂದೆ ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು.

ಸಮಂತಭದ್ರ ಆಚಾರ್ಯರ ಕಥೆ ಇನ್ನೂ ಸ್ಪಷ್ಟವಾಗಿದೆ. ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ವ್ಯಾಧಿ ಅವರಿಗೆ ಬಂದಿತೆಂದು ಪರಂಪರೆ ಹೇಳುತ್ತದೆ. ಮುನಿಚರ್ಯೆಯಲ್ಲಿ ಇದ್ದುಕೊಂಡು ಆ ರೋಗವನ್ನು ಶಮನ ಮಾಡುವುದು ಅಸಾಧ್ಯವಾದಾಗ ಅವರು ಗುರುಗಳಲ್ಲಿ ಸಲ್ಲೇಖನ ವ್ರತವನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಕ್ಕೆ ಇನ್ನೂ ಮಹತ್ಕಾರ್ಯಗಳು ಆಗಬೇಕಾಗಿವೆಯೆಂದು ಅರಿತು, ಮೊದಲು ರೋಗವನ್ನು ಗುಣಪಡಿಸಿಕೊಳ್ಳುವಂತೆ ಆಜ್ಞಾಪಿಸಿದರು. ಸಮಂತಭದ್ರರು ಗುಣಹೊಂದಿ ಮತ್ತೆ ದೀಕ್ಷೆಗೆ ಮರಳಿದರು. ಶ್ರಾವಕಾಚಾರವನ್ನು ನಾಡಿಗೆ ಬೋಧಿಸಿದ ಆಚಾರ್ಯರ ಜೀವನದಲ್ಲಿಯೇ ಈ ಪಾಠವಿದೆ: ಗುಣವಾಗಬಲ್ಲ, ಹಿಡಿತಕ್ಕೆ ಸಿಗಬಲ್ಲ ರೋಗವನ್ನು ನಿರ್ಲಕ್ಷಿಸುವುದು ವೈರಾಗ್ಯವಲ್ಲ.

ಪ್ರಮಾದವೆಂಬ ಹಿಂಸೆ

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಅಜಾಗರೂಕತೆಯಿಂದ ಪ್ರಾಣಗಳಿಗೆ ಮಾಡುವ ಘಾತವೇ ಹಿಂಸೆ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನಸ್ಸು, ಮಾತು, ಕಾಯಗಳೆಂಬ ಮೂರು ಬಲಗಳು, ಉಸಿರು ಮತ್ತು ಆಯುಷ್ಯ. ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮಧುಮೇಹದ ನಡೆಯನ್ನು ನೋಡಿದರೆ ಮನಸ್ಸು ಅಳುಕುತ್ತದೆ. ಹಿಡಿತ ತಪ್ಪಿದ ಸಕ್ಕರೆ ಕಣ್ಣಿನ ಹಿಂಪೊರೆಯ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸಿ ದೃಷ್ಟಿಯನ್ನು ಕಸಿಯುತ್ತದೆ. ಪಾದದ ನರಗಳನ್ನು ಸವೆಯಿಸಿ ಸ್ಪರ್ಶವನ್ನು ಅಳಿಸುತ್ತದೆ. ಮೂತ್ರಪಿಂಡ ಮತ್ತು ಹೃದಯಗಳನ್ನು ಹಾಳುಮಾಡಿ ಕಾಯಬಲವನ್ನೂ ಆಯುಷ್ಯವನ್ನೂ ಕುಗ್ಗಿಸುತ್ತದೆ. ಇದೆಲ್ಲ ವರ್ಷಗಟ್ಟಲೆ ನೋವಿಲ್ಲದೆ ನಡೆಯುತ್ತದೆ. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಶ್ರಾವಕನು ತನ್ನ ಪ್ರಾಣಗಳ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದು ಹೇಗೆ ಸರಿ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತು. ಇದು ಇನ್ನು ಮಹಾನಗರಗಳ ಶ್ರೀಮಂತರ ರೋಗವಾಗಿ ಉಳಿದಿಲ್ಲ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಹರಿದ ಮೇಲೆ ಸುರಪುರ, ಶಹಾಪುರಗಳ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಊಟದ ತಟ್ಟೆಯಲ್ಲಿಯೂ ರೊಟ್ಟಿಯ ಸ್ಥಾನವನ್ನು ಬಿಳಿ ಅನ್ನ ಆಕ್ರಮಿಸತೊಡಗಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಗಾಡಿ ಏರಿದರು. ಅಂಗಡಿಯ ಗಾದಿಯ ಮೇಲೆ ಕುಳಿತವರು ಕುಳಿತೇ ದಿನ ಕಳೆಯತೊಡಗಿದರು.

ಅಂಕಿಯ ಆಲೋಚನೆ

ಮಾಡಿದ ತಪ್ಪನ್ನು ಮುಚ್ಚಿಡದೆ ಗುರುಗಳ ಮುಂದೆ ನಿವೇದಿಸಿಕೊಳ್ಳುವುದಕ್ಕೆ ಜೈನರಲ್ಲಿ ಆಲೋಚನೆ ಎಂಬ ಹೆಸರಿದೆ. ರಕ್ತದ ಸಕ್ಕರೆಯ ಪರೀಕ್ಷೆಯನ್ನೂ ಅದೇ ಸರಳತೆಯಿಂದ ಸ್ವೀಕರಿಸಬೇಕು. ಅಂಕಿ ಹೆಚ್ಚಾದರೆ ಅದು ಅವಮಾನವಲ್ಲ. ತಿದ್ದಿಕೊಳ್ಳಲು ದೊರೆತ ಸೂಚನೆ. ವೈದ್ಯರ ಬಳಿಗೆ ಹೋಗುವ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡಿ ಒಳ್ಳೆಯ ಅಂಕಿಯನ್ನು ತೋರಿಸುವವರು ವಂಚಿಸುವುದು ತಮ್ಮನ್ನೇ. ಉತ್ತಮ ಆರ್ಜವ ಧರ್ಮ ಆಸ್ಪತ್ರೆಯ ಕೊಠಡಿಯಲ್ಲಿಯೂ ಪಾಲಿಸತಕ್ಕದ್ದು.

ರಾತ್ರಿಯಿಡೀ ಆಹಾರವಿಲ್ಲದೆ ಬೆಳಿಗ್ಗೆ ಮಾಡಿದ ಪರೀಕ್ಷೆಯಲ್ಲಿ ಸಕ್ಕರೆ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅದು ಸಹಜ. 100ರಿಂದ 125ರವರೆಗೆ ಎಚ್ಚರಿಕೆಯ ಹಂತ. 126 ಅಥವಾ ಅದಕ್ಕಿಂತ ಹೆಚ್ಚಾಗಿ, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ಮಧುಮೇಹ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ 5.7ಕ್ಕಿಂತ ಕಡಿಮೆಯಿದ್ದರೆ ಸಹಜ, ಶೇ 6.5 ಅಥವಾ ಹೆಚ್ಚಾದರೆ ಮಧುಮೇಹ. ರಕ್ತಹೀನತೆ ಇರುವವರಲ್ಲಿ ಈ ಅಂಕಿ ದಾರಿತಪ್ಪಿಸಬಹುದಾದ್ದರಿಂದ ಅದನ್ನು ವೈದ್ಯರೇ ವಿವೇಚಿಸಬೇಕು. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆಯ ವ್ಯವಸ್ಥೆಯಿದೆ.

ಮನೆಯಲ್ಲಿ ಗ್ಲುಕೋಮೀಟರ್ ಬಳಸುವವರು ಮೊದಲು ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಹಣ್ಣು ಹೆಚ್ಚಿದ ಕೈಯಲ್ಲಿ ಉಳಿದ ಸಿಹಿಯ ಅಂಶವೇ ಅಂಕಿಯನ್ನು ಏರಿಸಬಲ್ಲದು. ಬೆರಳಿನ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಅಂಕಿಯನ್ನು ದಿನಾಂಕ, ಹೊತ್ತು ಮತ್ತು ಊಟದ ವಿವರದೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಯಾವ ಊಟ ಶರೀರಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ತಟ್ಟೆಯ ಪರಿಮಾಣ, ಹೆಜ್ಜೆಯ ಎಚ್ಚರ

ಶ್ರಾವಕನ ಶಿಕ್ಷಾವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಬಳಸುವ ವಸ್ತುವಿಗೆ ತಾನೇ ಮಿತಿ ಹಾಕಿಕೊಳ್ಳುವುದು ಅದರ ತಿರುಳು. ಮಧುಮೇಹದ ಪಥ್ಯಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ತಟ್ಟೆಯ ಅರ್ಧ ಭಾಗ ಮೆಂತ್ಯ, ಪುಂಡಿಪಲ್ಯ, ಹೀರೆ, ಸೌತೆ, ಅವರೆಕಾಯಿಯಂತಹ ತರಕಾರಿ. ಕಾಲು ಭಾಗ ತೊಗರಿ, ಹೆಸರು, ಕಡಲೆಯಂತಹ ಬೇಳೆಕಾಳು. ಉಳಿದ ಕಾಲು ಭಾಗ ಜೋಳದ ಅಥವಾ ಸಜ್ಜೆಯ ರೊಟ್ಟಿ. ತೊಗರಿಯ ನಾಡಿನಲ್ಲಿ ಇದಕ್ಕೆ ದುಬಾರಿ ಪದಾರ್ಥ ಬೇಕಿಲ್ಲ. ಜೋಳದಲ್ಲಿ ನಾರಿನಂಶ ಬಿಳಿ ಅನ್ನಕ್ಕಿಂತ ಹೆಚ್ಚು. ಆದರೂ ರೊಟ್ಟಿ ಒಳ್ಳೆಯದೆಂದು ಲೆಕ್ಕವಿಲ್ಲದೆ ಉಂಡರೆ ಸಕ್ಕರೆ ಏರದೆ ಇರದು. ಸಕ್ಕರೆಯನ್ನು ಬಿಟ್ಟು ಬೆಲ್ಲ ಹಿಡಿದರೆ ದೋಷವಿಲ್ಲವೆಂಬುದೂ ಭ್ರಮೆಯೇ.

ಗಡ್ಡೆಗೆಣಸುಗಳನ್ನು ತ್ಯಜಿಸಿದ ಜೈನ ಊಟದಲ್ಲಿ ಆಲೂಗಡ್ಡೆಯ ಪಿಷ್ಟ ತಾನಾಗಿಯೇ ದೂರವಾಗುತ್ತದೆ. ಸೂರ್ಯಾಸ್ತದೊಳಗೆ ಉಣ್ಣುವ ನಿಯಮವೂ ಶರೀರಕ್ಕೆ ಅನುಕೂಲವೇ. ಇರುಳಿನಲ್ಲಿ ಇನ್ಸುಲಿನ್ನಿನ ಸಾಮರ್ಥ್ಯ ತಗ್ಗುವುದರಿಂದ ತಡರಾತ್ರಿಯ ಊಟ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಆದರೆ ಪಾರಣೆಯ ದಿನ ಹೋಳಿಗೆ, ಲಾಡು, ಕರಿದ ತಿಂಡಿಗಳನ್ನು ರಾಶಿ ಹಾಕಿಕೊಂಡರೆ ಗಳಿಸಿದ್ದೆಲ್ಲ ಒಂದೇ ಹೊತ್ತಿನಲ್ಲಿ ಕರಗಿಹೋಗುತ್ತದೆ.

ಊಟದಷ್ಟೇ ಮುಖ್ಯ ನಡಿಗೆ. ನೋಡಿ ನಡೆಯುವ ಈರ್ಯಾ ಸಮಿತಿ ಮುನಿಗಳಿಗೆ ವಿಧಿಸಿದ್ದಾದರೂ ಗೃಹಸ್ಥನಿಗೂ ಅದು ಅನುಕರಣೀಯ. ಸೂರ್ಯೋದಯದ ನಂತರ, ದಾರಿ ಕಾಣುವ ಬೆಳಕಿನಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಬಿರುಸಾಗಿ ನಡೆದರೆ ವೈದ್ಯರು ಹೇಳುವ 150 ನಿಮಿಷಗಳು ಪೂರ್ಣವಾಗುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ವಾರಕ್ಕೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು ಹಿರಿಯರಿಗೆ ಒಳ್ಳೆಯ ಆರಂಭ. ನಲವತ್ತೆಂಟು ನಿಮಿಷದ ಸಾಮಾಯಿಕ ಮುಗಿಸಿದವರು ಎದ್ದು ಸ್ವಲ್ಪ ನಡೆದಾಡಿ ನಂತರ ಅಂಗಡಿಯ ಗಾದಿಗೆ ಹೋಗಲಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಭಾಗದ ಬೇಸಿಗೆಯಲ್ಲಿ ಬಸದಿಯ ಕಲ್ಲುಹಾಸು ಕಾದ ಹೆಂಚಾಗಿರುತ್ತದೆ. ಸ್ಪರ್ಶ ಕಳೆದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಮಧುಮೇಹಿಗಳು ಕಲ್ಲು ಕಾಯುವ ಮೊದಲೇ ದರ್ಶನ ಮುಗಿಸಬೇಕು. ಪ್ರತಿದಿನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು.

ಮಾತ್ರೆ ಮತ್ತು ಅಹಿಂಸೆ

ಪೂರಕ ಮಾತ್ರೆಗಳ ವಿಷಯದಲ್ಲಿ ಎರಡು ಅತಿಗಳಿವೆ. ಕಂಡ ಜಾಹೀರಾತನ್ನೆಲ್ಲ ನಂಬಿ ಡಬ್ಬಿಗಳನ್ನು ಪೇರಿಸಿಡುವುದು ಒಂದು. ಬೇಕಾದದ್ದನ್ನೂ ಸಂಶಯದಿಂದ ನಿರಾಕರಿಸುವುದು ಇನ್ನೊಂದು. ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ಪೂರಕ ಬೇಕು. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಅದು ಇನ್ನಷ್ಟು ತಗ್ಗಬಹುದು. ಪಾದಗಳಲ್ಲಿ ಜುಮುಗುಡುವಿಕೆ ಕಂಡಾಗ ಅದು ಮಧುಮೇಹದಿಂದಲೋ ಬಿ12 ಕೊರತೆಯಿಂದಲೋ ಎಂದು ಪರೀಕ್ಷಿಸಬೇಕು. ಹಾಲು ಮೊಸರುಗಳಲ್ಲಿ ಈ ಸತ್ವವಿದೆ; ಅವುಗಳನ್ನೂ ರಸಪರಿತ್ಯಾಗವಾಗಿ ಬಿಟ್ಟವರು ಹೆಚ್ಚು ಗಮನ ಕೊಡಬೇಕು. ಮಾರುಕಟ್ಟೆಯ ಬಿ12 ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ.

ಆದರೆ ಅನೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್. ಡಿ3 ಜೀವಸತ್ವ ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನಿಂದ ಪಡೆದ ಡಿ3 ಮತ್ತು ಸಸ್ಯಜನ್ಯ ಕವಚದ ಕ್ಯಾಪ್ಸೂಲುಗಳೂ ದೊರೆಯುತ್ತವೆ. ಪೂರಕ ಆಹಾರದ ಡಬ್ಬಿಯ ಮೇಲಿನ ಹಸಿರು ಗುರುತನ್ನು ನೋಡಿ, ಔಷಧವಾದರೆ ಅಂಗಡಿಯವರನ್ನು ವಿಚಾರಿಸಿ ಕೊಳ್ಳಬಹುದು. ಉಗ್ರಾದಿತ್ಯರು ಅಂದು ಹಿಡಿದ ಹಾದಿಯೂ ಇದೇ: ಚಿಕಿತ್ಸೆ ಬಿಡಬಾರದು, ಹಿಂಸೆಯಿಲ್ಲದ್ದನ್ನು ಹುಡುಕಬೇಕು.

ಇನ್ಸುಲಿನ್ ಪ್ರಾಣಿಜನ್ಯವೆಂಬ ಕಾರಣಕ್ಕೆ ಹಿಂಜರಿಯುವವರು ಒಂದು ಸಂಗತಿಯನ್ನು ತಿಳಿಯಬೇಕು. 1921ರಲ್ಲಿ ಟೊರಾಂಟೊದಲ್ಲಿ ಅದರ ಶೋಧವಾದ ನಂತರ ದಶಕಗಳ ಕಾಲ ಹಸು, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದುದು ನಿಜ. 1982ರಿಂದ, ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಇಂದು ಸಾಮಾನ್ಯವಾಗಿ ಕೊಡುವ ಇನ್ಸುಲಿನ್ ಪ್ರಾಣಿಯ ಗ್ರಂಥಿಯಿಂದ ತೆಗೆದದ್ದಲ್ಲ. ಮಧುಮೇಹವನ್ನು ಬುಡಸಮೇತ ಕೀಳುತ್ತೇವೆಂಬ ಪುಡಿಗಳನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಆರು ಬಾಗಿಲುಗಳು

ಈಗ ಯಾದಗಿರಿಯ ಆ ಮನೆಗೆ ಮರಳಬಹುದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ಮಂಕು, ಕೊನೆಗೆ ಪ್ರಜ್ಞಾಹೀನತೆ. ಹಾಗೆಂದು ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಿದರೆ ಸಕ್ಕರೆ ವಿಪರೀತ ಏರುತ್ತದೆ. ನೀರನ್ನೂ ಬಿಟ್ಟಾಗ ಶರೀರ ಒಣಗಿ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಮಾತ್ರೆ ಸೇವಿಸುವವರಲ್ಲಿ ರಕ್ತ ಆಮ್ಲಮಯವಾಗುವ ಅಪಾಯವೂ ಇದೆ. ಆದುದರಿಂದ ಪರ್ವಕ್ಕೆ ಕೆಲವು ವಾರಗಳ ಮೊದಲೇ ವೈದ್ಯರನ್ನು ಕಾಣಬೇಕು. ಔಷಧದ ಪ್ರಮಾಣವನ್ನು ಬದಲಿಸುವವರು ಅವರೇ ಆಗಿರಬೇಕು.

ಹಾಗಾದರೆ ತಪಸ್ಸಿಲ್ಲವೇ? ಇದೆ. ಬಾಹ್ಯ ತಪಸ್ಸಿಗೆ ಆಚಾರ್ಯರು ತೆರೆದದ್ದು ಒಂದೇ ಬಾಗಿಲಲ್ಲ, ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ಊಟದ ಬಗೆಗೆ ನಿಯಮ ಹಾಕಿಕೊಳ್ಳುವ ವೃತ್ತಿಪರಿಸಂಖ್ಯಾನ, ತುಪ್ಪ, ಎಣ್ಣೆ, ಸಿಹಿ, ಉಪ್ಪು ಮುಂತಾದ ರಸಗಳನ್ನು ಬಿಡುವ ರಸಪರಿತ್ಯಾಗ, ಏಕಾಂತವಾಸ, ಕಾಯಕ್ಲೇಶಗಳೂ ತಪಸ್ಸೇ. ಮಧುಮೇಹಿಗೆ ಹತ್ತು ದಿನ ಸಿಹಿಯನ್ನೂ ಕರಿದದ್ದನ್ನೂ ಮುಟ್ಟದೆ ಸೂರ್ಯಾಸ್ತದೊಳಗೆ ಮಿತವಾಗಿ ಉಣ್ಣುವುದು ಸುಲಭದ ವ್ರತವೇನಲ್ಲ. ನಾಲಗೆ ಬಲ್ಲದು ಅದರ ಕಷ್ಟವನ್ನು. ಅಂತರಂಗ ತಪಸ್ಸಿನ ಸ್ವಾಧ್ಯಾಯ, ವಿನಯ, ಧ್ಯಾನಗಳಿಗಂತೂ ಯಾವ ರೋಗವೂ ಅಡ್ಡಿಯಲ್ಲ.

ಸಕ್ಕರೆ ಕುಸಿದರೆ ಹೊತ್ತು ನೋಡಬಾರದು. 15 ಗ್ರಾಂ ಗ್ಲುಕೋಸ್ ಅಥವಾ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು; ಏರದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿಭೋಜನ ತ್ಯಾಗದ ನೇಮವುಳ್ಳವರು ವ್ರತ ಹಿಡಿಯುವಾಗಲೇ ತಮ್ಮ ರೋಗವನ್ನು ಮುನಿಗಳಲ್ಲಿ ಅಥವಾ ಬಲ್ಲ ಹಿರಿಯರಲ್ಲಿ ನಿವೇದಿಸಿ, ಪ್ರಾಣಾಪಾಯದ ಹೊತ್ತಿನ ಈ ಔಷಧದ ಬಗೆಗೆ ಮಾರ್ಗದರ್ಶನ ಪಡೆದಿರುವುದು ಲೇಸು. ಅನಿವಾರ್ಯದಲ್ಲಿ ನೇಮ ಸಡಿಲಿದರೆ ಪ್ರಾಯಶ್ಚಿತ್ತವುಂಟು, ಅದೂ ತಪಸ್ಸೇ. ಹೋದ ಪ್ರಾಣಕ್ಕೆ ಪ್ರಾಯಶ್ಚಿತ್ತವಿಲ್ಲ.

ಪಂಚಮಿಯ ಬೆಳಿಗ್ಗೆ ಆ ಮನೆಯ ಹಿರಿಯರು ಪೂಜೆ ಮುಗಿಸಿ ಬರುತ್ತಾರೆಂದು ಭಾವಿಸೋಣ. ಹಿಂದಿನ ದಿನ ವೈದ್ಯರನ್ನು ಕಂಡು ಬಂದಿದ್ದಾರೆ. ಈ ವರ್ಷ ಅವರ ನೇಮ ಅವಮೌದರ್ಯ ಮತ್ತು ರಸಪರಿತ್ಯಾಗ. ಸೊಸೆ ಬಡಿಸಿದ ತಟ್ಟೆಯಲ್ಲಿ ಒಂದು ರೊಟ್ಟಿ, ಎಣ್ಣೆಯಿಲ್ಲದ ಹೆಸರುಕಾಳು, ಸೌತೆಕಾಯಿ. ಮೊಮ್ಮಗಳು ಗ್ಲುಕೋಮೀಟರ್ ಹಿಡಿದು ಮುಂದೆ ನಿಂತಿದ್ದಾಳೆ. “ಅಜ್ಜಾ, ಕೈ ತೊಳಕೊಂಡೀರಿಲ್ಲೊ?”

ರೋಗಿಯ ಸೇವೆಗೆ ವೈಯಾವೃತ್ಯವೆಂದು ಹೆಸರು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಃ ತಪದ ಜೊತೆಗೆ ಅದೂ ಎಣಿಕೆಯಾಗಿದೆ. ಅಜ್ಜ ಬೆರಳನ್ನು ಮುಂದೆ ಚಾಚಿದಾಗ ಒಂದೇ ಮನೆಯಲ್ಲಿ ಎರಡು ಭಾವನೆಗಳ ಆರಾಧನೆ ನಡೆಯುತ್ತದೆ. ಮುಂದಿನ ವರ್ಷದ ಪರ್ವಕ್ಕೂ ಆ ಕಣ್ಣುಗಳು ಜಿನಬಿಂಬವನ್ನು ಕಾಣಬೇಕು, ಆ ಪಾದಗಳು ಬಸದಿಯ ಮೆಟ್ಟಿಲನ್ನು ಏರಬೇಕು. ಶರೀರವನ್ನು ಕಾಪಾಡಿಕೊಳ್ಳುವುದರ ಅರ್ಥ ಅಷ್ಟೇ.